ಏಳು ವರ್ಷದ ಹಿರಿಯಣ್ಣ

ಪುರೋಹಿತ ಹಿರಿಯಣ್ಣನವರಿಗೆ ಡೆಂಗಿ ಬಂದದ್ದು ದೊಡ್ಡ ವಿಷಯವೇ ಆಗಲಿಲ್ಲ. ಭದ್ರಾವತಿಗೆ ಗೃಹಪ್ರವೇಶ ಮಾಡಿಸಲು ಹೋದವರಿಗೆ ಅಲ್ಲೇ ಜ್ವರ ಬಂದು, ಅಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದಿದ್ದರು. ಕಷ್ಟ ಶುರುವಾದದ್ದು, ಆರೋಗ್ಯ ಕಾರ್ಯಕರ್ತೆ ಮುಬೀನಾ ವಿನೋಬನಗರದ ಅವರ ಮನೆ ಬಾಗಿಲು ತಟ್ಟಿದಾಗ.

"ಮಗು ಎಲ್ಲಮ್ಮಾ?"

"ಯಾವ ಮಗು?" ಎಂದರು ಹೆಂಡತಿ ಸುಬ್ಬಲಕ್ಷ್ಮಿ.

"ಭದ್ರಾವತಿಯಿಂದ ರಿಪೋರ್ಟ್ ಬಂದಿದೆ. ಹೆಸರು ಹಿರಿಯಣ್ಣ, ಏಳು ವರ್ಷ, ಡೆಂಗಿ. ಅಡ್ರೆಸ್ ಇದೇ."

ಪಕ್ಕದ ಮನೆಯ ಬಸವರಾಜೇಶ್ವರಿಯವರ ತಲೆ ಕುಕ್ಕರಿನ ವಿಷಲ್‌ನಂತೆ ಥಟ್ಟನೆ ಕಾಂಪೌಂಡಿನ ಮೇಲೆದ್ದಿತು. "ಭದ್ರಾವತೀಲಿ ಮಗೂನಾ? ಅದಕ್ಕೂ ಭಟ್ರ ಹೆಸರೇನಾ? ಅದಕ್ಕೇ ಮಾರಾಯ್ತಿ, ಇವರಿಗೆ ಅಲ್ಲೇ ಅಷ್ಟೊಂದು ಪೂಜೆ ಸಿಗೋದು!"

ಮಲಗಿದ್ದ ಹಿರಿಯಣ್ಣನವರು ಪಂಚೆ ಬಿಗಿಹಿಡಿದು ಓಡಿಬಂದರು. ಹೆಂಡತಿಯ ಮುಖ ನೋಡಿದ್ದೇ, ಇಳಿದಿದ್ದ ಜ್ವರ ಮತ್ತೆ ಏರಿದಂತಾಯಿತು. "ಆ ಹಿರಿಯಣ್ಣ ನಾನೇ ಕಣಮ್ಮ! ರಕ್ತ ನಂದೇ. ವಯಸ್ಸಲ್ಲಿ ಒಂದಂಕಿ ಬಿಟ್ಟುಹೋಗಿದೆ."

ಸುಬ್ಬಲಕ್ಷ್ಮಿಗೆ ಹೋದ ಜೀವ ಬಂದಿತು. "ಹೌದೌದು, ಅರವತ್ತೇಳು. ಏಳರ ಹಿಂದಿನ ಆರು ಬಿಟ್ಟಿದಾರೆ. ಬರ್ಕೊಳ್ಳಮ್ಮ."

ಹಿರಿಯಣ್ಣನವರು ಹೌದೆಂದು ಜೋರಾಗಿ ತಲೆಯಾಡಿಸಿದರು. ಬೇರೆ ಯಾರಾದರೂ ಕಾರ್ಯಕರ್ತೆ ಆಗಿದ್ದರೆ ಆರು ಸೇರಿಸಿಕೊಂಡು ಹೊರಟುಬಿಡುತ್ತಿದ್ದರು. ಮುಬೀನಾ ಬರೆಯಲಿಲ್ಲ.

"ಊಹೆ ಮೇಲೆ ತುಂಬೋ ಹಾಗಿಲ್ಲಮ್ಮ. ನಿಜವಾಗ್ಲೂ ಒಂದು ಮಗು ಎಲ್ಲೋ ಜ್ವರದಲ್ಲಿ ಮಲಗಿದ್ರೆ? ಲ್ಯಾಬಿಗೇ ಕೇಳ್ತೀನಿ."

"ಬಿಸಿಲಲ್ಲಿ ಬಂದಿದೀಯ, ಮೊದಲು ಕಾಫಿ ಕುಡಿಯಮ್ಮ," ಎಂದರು ಹಿರಿಯಣ್ಣನವರು, ಬೆವರುತ್ತಾ.

"ಆಮೇಲೆ ಭಟ್ರೇ."

ಲೈನು ಸಿಗಲಿಲ್ಲ. ಮುಬೀನಾ ಬಿಡಲಿಲ್ಲ. ಸಿಕ್ಕವರು ನಾಳೆ ಹೇಳುತ್ತೇವೆಂದರು. "ಈಗಲೇ ಚೀಟಿ ಹುಡುಕಿ ಸಾರ್, ನಾನು ಕಾಯ್ತೀನಿ," ಎಂದು ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಮಂತ್ರದಲ್ಲಿ ಅರ್ಧಾಕ್ಷರ ತಪ್ಪಿದರೂ ಶಿಷ್ಯರಿಗೆ ಮತ್ತೆ ಮೊದಲಿಂದ ಹೇಳಿಸುವ ಹಿರಿಯಣ್ಣನವರಿಗೆ, ಆ ಗಾಬರಿಯಲ್ಲೂ ಮನಸ್ಸು ತುಂಬಿಬಂತು. ಇಂಥ ಒಬ್ಬ ಶಿಷ್ಯ ತಮಗೆ ಸಿಗಲಿಲ್ಲವಲ್ಲ! ಜೊತೆಗೇ, ಅವಳ ಫೋನಿನ ಚಾರ್ಜು ಮುಗಿಯಲಿ ದೇವರೇ ಎಂದೂ ಬೇಡಿಕೊಂಡರು. ಹೆಂಡತಿ ಪಕ್ಕದಲ್ಲಿಲ್ಲದ ಧೈರ್ಯಕ್ಕೆ, ಜ್ವರದ ಹೆದರಿಕೆಗೆ, ಆ ಲ್ಯಾಬಿನಲ್ಲಿ ಅವರು ನಿಜ ಹೇಳಿಬಿಟ್ಟಿದ್ದರು.

ಮುಬೀನಾಳ ಮುಖ ಅರಳಿತು. "ಸಿಕ್ತು! ಬಿಟ್ಟುಹೋಗಿದ್ದು ಹಿಂದಿನ ಆರಲ್ಲ, ಮುಂದಿನ ನಾಲ್ಕು. ಎಪ್ಪತ್ನಾಲ್ಕು! ಭಟ್ರೇ ಬಾಯಾರೆ ಹೇಳಿದ್ದಂತೆ. ಸದ್ಯ, ಮಗು ಯಾವುದೂ ಇಲ್ಲ. ಎಪ್ಪತ್ತು ದಾಟಿದೋರಿಗೆ ಜಾಸ್ತಿ ಜೋಪಾನ ಬೇಕು, ದಿನಾ ಬಂದು ನೋಡ್ಕೊಂಡು ಹೋಗ್ತೀನಿ."

ಅವಳು ಗೇಟು ದಾಟಿ ಹೋದಳು.

"ಎಂಥಾ ಶ್ರದ್ಧೆ ನೋಡು ಆ ಹುಡುಗೀದು," ಎಂದರು ಹಿರಿಯಣ್ಣನವರು, ಸಣ್ಣ ದನಿಯಲ್ಲಿ.

ಸುಬ್ಬಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಬಂದು ನಿಂತರು.

"ಅದಿರ್ಲಿ. ನಮ್ಮ ಮದ್ವೆಗೆ ಕೂಡಿಸಿ ನೋಡಿದ್ದು ಯಾರ ಜಾತಕ ರೀ?"