ಪಟ್ಟಣ ಓದೋ ಹುಡುಗಿ ಗಂಡಿನೋರ್ನ ಕೇಳಿದ್ದು

ನಮ್ಮ ಚನ್ನಗಿರಿ ಬೀದೀಲಿ ನಗಾಕೆ ಟಾಕೀಸಿಗೆ ಹೋಗ್ಬೇಕಿಲ್ಲ, ಬಾಗ್ಲು ತೆಗೆದು ಕೂತ್ರೆ ಸಾಕು. ನಾನು ಓದಿದ್ದು ನಾಕನೇ ಕ್ಲಾಸು. ಆದ್ರೆ ಬೀದಿ ಸುದ್ದಿ ಮೊದ್ಲು ನನಗೇ ಬರೋದು. ಆಡ್ಕೊಳ್ಳೋರು ಆಡ್ಕೊಳ್ಳಲಿ.

ಬಸ್ ಟಿಕೆಟ್

ಆಗಿನ್ನೂ ನಮ್ಮ ಬೀದಿಗೆ ಟೀವಿ ಬಂದಿರ್ಲಿಲ್ಲ. ಪಕ್ಕದ ಮನೆ ಅಡಿಕೆ ಸಾವ್ಕಾರ್ರ ಮಗಳು ದಿನಾ ಬಸ್ಸಲ್ಲಿ ದಾವಣಗೆರೆ ಕಾಲೇಜಿಗೆ ಹೋಗ್ತಿದ್ಲು. ಕೊನೇ ವರ್ಷ.

"ಅದೇನೇ ಓದ್ತೀಯ ನೀನು?" ಅಂದ್ರು ಅವರಪ್ಪ.

"ಪಟ್ಟಣದ ಬಗ್ಗೆ ಅಪ್ಪಾ. ಜನ ಹೆಂಗೆ ಬದುಕ್ತಾರೆ, ನೀರು ಎಲ್ಲಿಂದ ಬರ್ತೈತೆ, ಗಲೀಜು ಎಲ್ಲಿಗೆ ಹೋಗ್ತೈತೆ, ಎಲ್ಲಾ."

"ಪಟ್ಟಣ ನೋಡಾಕೆ ಬಸ್ ಟಿಕೆಟ್ ಸಾಕಲ್ಲೇ! ಕಾಲೇಜು ಬಿಡು. ಜಗಳೂರಿಂದ ಗಂಡು ಬರ್ತೈತೆ."

ಹುಡುಗಿ ಮುಖ ಸಣ್ಣಗಾತು. ನಾನು ಗೋಡೆ ಈಚೆಯಿಂದಾನೇ ಕೂಗಿದೆ: "ಅಡಿಕೆ ಮರ ಕಂಡೋರೆಲ್ಲಾ ಸಾವ್ಕಾರ್ರು ಆಗ್ತಾರೇನ್ರಿ?"

ಪಾಠ ಸುಳ್ಳಾತು

ಪಟ್ಟಣದಾಗೆ ಪಕ್ಕದ ಮನೇರು ಯಾರಂತ ಯಾರಿಗೂ ಗೊತ್ತಿರಲ್ವಂತೆ. ಹಂಗಂತ ಅವಳ ಪಾಠದಾಗೈತೆ. ನಮ್ಮೂರು ಪಟ್ಟಣಾನೋ ಹಳ್ಳೀನೋ ನೋಡಾಕೆ ನನ್ನ ಹತ್ರ ಬಂದ್ಲು.

"ದೊಡ್ಡಮ್ಮ, ಆ ಕಡೆ ಮನೇಲಿ ಯಾರಿದಾರೆ, ಗೊತ್ತಾ?"

ಯಾರಿದಾರೆ, ಯಾರು ಮುನಿಸ್ಕೊಂಡು ತೌರಿಗೆ ಹೋಗ್ಯಾರೆ, ಬೆಳಿಗ್ಗೆ ಸಾರಿಗೆ ಉಪ್ಪು ಜಾಸ್ತಿ ಆಗಿದ್ದು ಯಾಕೆ, ಎಲ್ಲಾ ಹೇಳಿದೆ. ಹುಡುಗಿ ಪೆನ್ನು ಮುಚ್ಚಿದ್ಲು.

"ದೊಡ್ಡಮ್ಮ, ನೀವಿರೋ ತನಕ ಈ ಊರು ಪಟ್ಟಣ ಆಗಲ್ಲ!"

ಆಗ್ದಿದ್ರೆ ಬ್ಯಾಡ, ಹೋಗೇ.

ಪ್ಯಾಟೆ ಮನೆ

ಗಂಡಿನೋರು ಬಂದ್ರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಾಕೆ ನಾನೂ ಹೋಗಿದ್ದೆ. ಗಂಡಿನಪ್ಪ ಬಂದಾಗಿಂದ ಒಂದೇ ಸಮ: "ನಮ್ದು ಪ್ಯಾಟೆ ಮನೆ ಕಣ್ರಿ. ಸ್ಕೂಟರ್ ಐತೆ, ರೇಡಿಯೋ ಐತೆ." ಹುಡುಗಿ ನಡಿಗೆ ನೋಡಿದ್ರು, ಜಡೆ ಎಳೆದು ನೋಡಿದ್ರು. "ಪಟ್ಟಣ ಓದ್ತೀಯಂತೆ? ನಮ್ಮನೇಗೆ ಬಾರವ್ವ, ನೋಡ್ಕೊಂಡೇ ಕಲೀಬಹುದು!" ಅಂತ ಗಂಡಿನಪ್ಪ ನಕ್ರು.

ಹುಡುಗಿ ತಲೆ ಎತ್ತಿದ್ಲು. "ಹಂಗಾರೆ ನಿಮ್ಮನೇಲಿ ಕಕ್ಕಸು ಐತೇನ್ರಿ?"

ಎಲ್ಲರ ಬಾಯಲ್ಲೂ ಮಂಡಕ್ಕಿ ನಿಂತೋತು. ಗಂಡಿನಪ್ಪ ಕೆಮ್ಮಿ, "ಹಿಂದೇನೇ ಬಯಲು ಐತಲ್ಲವ್ವ..." ಅಂದ್ರು.

"ಒಳಗೆ ನಡಿಯೇ!" ಅಂತ ಸಾವ್ಕಾರ್ರು ಎದ್ರು.

ನಾನು ಬಾಗ್ಲಿಗೆ ಅಡ್ಡ ನಿಂತೆ. "ಯಾಕ್ರಿ ಹೋಗ್ಬೇಕು? ಅವರು ಜಡೆ ಎಳೆದು ನೋಡಿದ್ರೆ ತಪ್ಪಿಲ್ಲ, ಇವಳು ಕಕ್ಕಸು ಕೇಳಿದ್ರೆ ತಪ್ಪಾ? ಅಡಿಕೆ ಮಂಡೀಲಿ ಚೀಲದ ತಳಕ್ಕೆ ಕೈ ಹಾಕ್ದೆ ಮಾಲು ತಗೊಂಡೀರಾ ಯಾವತ್ತಾದ್ರೂ?"

ಸಾವ್ಕಾರ್ರು ಮೇಲೆ ಒಳ್ಳೇ ಅಡಿಕೆ ತುಂಬಿ ತಳಕ್ಕೆ ಕೆಟ್ಟದ್ದು ಹಾಕೋರ್ನ ದಿನಾ ಕಂಡೋರು. ಮತ್ತೆ ಕೂತ್ಕೊಂಡ್ರು.

ಅಲ್ಲೀವರೆಗೂ ಬಾಯಿ ಬಿಡದಿದ್ದ ಗಂಡಿನ ತಾಯಿ ಹುಡುಗಿ ಕೈ ಹಿಡ್ಕೊಂಡು ಅಂದ್ಲು: "ಇನ್ನೊಂದ್ಸಲ ಜೋರಾಗಿ ಕೇಳವ್ವ. ನಾನು ಕೇಳಿದ್ರೆ ನಮ್ಮನೆಯೋರಿಗೆ ಕಿವೀನೇ ಕೇಳ್ಸಲ್ಲ."

ತಿಂಗಳಾದ್ಮೇಲೆ ಜಗಳೂರಿಂದ ಸುದ್ದಿ ಬಂತು: ಕಕ್ಕಸು ಕಟ್ಟಿಸ್ಯಾರಂತೆ, ಹುಡುಗೀನ ಕೊಡ್ಬೇಕಂತೆ.

"ಏನು ಹೇಳ್ಲೇ?" ಅಂದ್ರು ಸಾವ್ಕಾರ್ರು.

ಹುಡುಗಿ ಚಪ್ಪಲಿ ಮೆಟ್ಕೊಂತಾ ಅಂದ್ಲು: "ಒಳ್ಳೇದಾತು ಬಿಡಪ್ಪ, ಆ ಅಮ್ಮಂಗೆ ಆಗ್ತೈತೆ. ನನಗೆ ಕಾಲೇಜ್ ಬಸ್ಸಿಗೆ ಹೊತ್ತಾತು."