ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರಿಗೆ ಚೆಂಡುಹೂವಿನ ಹಾರ

ಇದ್ದದ್ದನ್ನು ಅದರ ಪಾಡಿಗೆ ಬಿಡುವುದು ನನ್ನ ಜಾಯಮಾನದಲ್ಲೇ ಇಲ್ಲ. ಸರಿಯಾಗಿ ನಡೆಯುತ್ತಿದ್ದ ಗೋಡೆ ಗಡಿಯಾರವನ್ನು ರಿಪೇರಿ ಮಾಡಿ ನಿಲ್ಲಿಸಿದ ಕೀರ್ತಿ ನನ್ನದು. ಅಂಥವನ ಕಣ್ಣಿಗೆ ನಮ್ಮ ಬಸವೇಶ್ವರನಗರದ ಬಾಡಿಗೆ ಮನೆಯಲ್ಲಿ ವರ್ಷಗಟ್ಟಲೆ ತೆಪ್ಪಗೆ ದುಡಿಯುತ್ತಿದ್ದ ಅಗ್ಗದ ಕಂಪ್ಯೂಟರ್ ಬೀಳದೆ ಇರುತ್ತದೆಯೇ? ನನ್ನಾಕೆ ಸುಮಾ ಶಾಲಾ ಶಿಕ್ಷಕಿ. ಪಾಠದ ವಿಡಿಯೋಗಳನ್ನು ಅದರಲ್ಲೇ ಸಿದ್ಧಪಡಿಸುತ್ತಾಳೆ. ಹತ್ತು ನಿಮಿಷದ ಪಾಠ ವಿಡಿಯೋ ಆಗಿ ಹೊರಬರಲು ಮುಕ್ಕಾಲು ಗಂಟೆ. ಅಯ್ಯೋ ಪಾಪ, ಇವಳ ಕಷ್ಟ ಕಳೆಯಬೇಕು ಅನ್ನಿಸಿತು. ಹೊಸದು ಕೊಳ್ಳುವ ತಾಕತ್ತಿಲ್ಲ. ಪ್ರೊಸೆಸರನ್ನು ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ದುಡಿಸುವ ಓವರ್‌ಕ್ಲಾಕಿಂಗ್ ಎಂಬ ವಿದ್ಯೆಗಾದರೆ ಖರ್ಚಿಲ್ಲ.

ಕುರುಬರಹಳ್ಳಿಯ ಕಂಪ್ಯೂಟರ್ ಅಂಗಡಿಯವರು, "ಸಾರ್, ಪ್ರೊಸೆಸರ್ ಸಿಕ್ಕಾಪಟ್ಟೆ ಬಿಸಿ ಆಗತ್ತೆ. ಮೊದ್ಲು ಅದನ್ನ ತಣ್ಣಗಿಡೋಕೆ ದೊಡ್ಡ ಕೂಲರ್ ಹಾಕ್ಸಿ, ಆಮೇಲೆ ಸ್ಪೀಡ್ ಏರ್ಸಿ" ಎಂದರು. ಬೆಲೆ ಕೇಳಿ ತೆಪ್ಪಗೆ ವಾಪಸು ಬಂದೆ. ಕಂಪ್ಯೂಟರ್ ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿ, ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿಟ್ಟು, ವೇಗವನ್ನೂ ವೋಲ್ಟೇಜನ್ನೂ ಚೂರುಚೂರೇ ಏರಿಸಿದೆ. ಭಾನುವಾರವೆಲ್ಲ ಹೆಣಗಿದ್ದಕ್ಕೆ ಮುಕ್ಕಾಲು ಗಂಟೆಯಲ್ಲಿ ಹತ್ತು ನಿಮಿಷ ಉಳಿತಾಯವಾಯಿತು! "ನೋಡಿದ್ಯೇನೇ!" ಎಂದು ಬೀಗಿದೆ. ಅವಳು "ಹೂಂ" ಎಂದಳು. ಅಷ್ಟೇ. ನನಗೆ ಕೊಂಚ ಬೇಜಾರೇ ಆಯಿತು.

ಆಯುಧಪೂಜೆ ಬಂತು. ಆಯುಧಗಳಿಗೆ ಅಂದು ವಿಶ್ರಾಂತಿ ಕೊಡಬೇಕು ಎನ್ನುವುದು ಶಾಸ್ತ್ರ. ಆದರೆ ಸುಮಾ ಅಂದೇ ಸಂಜೆಯೊಳಗೆ ಒಂದು ಪಾಠ ಕಳಿಸಬೇಕಿತ್ತು; ತಪ್ಪಿದರೆ ಹೆಡ್‌ಮಿಸ್ ಕೈಲಿ ಮಂಗಳಾರತಿ ಖಂಡಿತ. ಸರಿ, ಕಂಪ್ಯೂಟರ್ ದುಡಿಯುತ್ತಿರುವಾಗಲೇ ಪೂಜೆ ಮುಗಿಸೋಣವೆಂದು ಮುಚ್ಚಳ ಹಾಕಿ, ವಿಭೂತಿ ಬಳಿದು, ಕುಂಕುಮವಿಟ್ಟು, ಗಾಳಿಯಾಡುವ ಕಿಂಡಿ ಮುಚ್ಚುವ ಹಾಗೆ ದಪ್ಪನೆಯ ಚೆಂಡುಹೂವಿನ ಹಾರ ಹಾಕಿದೆ. ದೀಪ ಆರಬಾರದಲ್ಲ, ಟೇಬಲ್ ಫ್ಯಾನನ್ನೂ ನಿಲ್ಲಿಸಿದೆ. ಗಂಟೆ ಬಾರಿಸುತ್ತಿದ್ದಂತೆ ಕಂಪ್ಯೂಟರ್ ಬಿಸಿ ತಾಳಲಾರದೆ ಆಫ್ ಆಯಿತು. ಅರ್ಧವಾಗಿದ್ದ ವಿಡಿಯೋ ಗೋವಿಂದ!

"ತಪ್ಪು ನಂದೇ ಕಣೇ" ಎಂದು ಒಪ್ಪಿಕೊಂಡೆ. ಹಾರ ತೆಗೆದು, ಡಬ್ಬ ಆರಿದ ಮೇಲೆ ವೇಗವನ್ನು ಹಳೆಯ ಅಳತೆಗೇ ಇಳಿಸಿ, ವಿಡಿಯೋ ಕೆಲಸ ಮೊದಲಿನಿಂದ ಹಚ್ಚಿದೆ. "ಸಂಜೆಯೊಳಗೆ ಆಗತ್ತೆ. ಆದ್ರೆ ಮತ್ತೆ ಮುಕ್ಕಾಲು ಗಂಟೆ" ಎಂದೆ, ತಲೆ ಎತ್ತದೆ.

ಸುಮಾ ಕುರ್ಚಿ ಎಳೆದುಕೊಂಡು ಕಾಲು ಚಾಚಿ ಕುಳಿತಳು. "ಆಗ್ಲಿ ಬಿಡ್ರೀ. ನಿಧಾನ ಅಂತ ನಾನ್ಯಾವತ್ತು ದೂರಿದ್ದೆ? ಕಂಪ್ಯೂಟರ್ ಕೆಲಸ ನಡೀತಿದೆ ಅಂದ್ರೆ ಈ ಮನೇಲಿ ಯಾರೂ ನನ್ನ ಎಬ್ಬಿಸ್ತಿರ್ಲಿಲ್ಲ. ದಿನಕ್ಕೆ ನಾನು ಕೂತ್ಕೋತಿದ್ದಿದ್ದೇ ಆ ಮುಕ್ಕಾಲು ಗಂಟೆ. ನೀವು ಅದ್ರಲ್ಲೂ ಹತ್ತು ನಿಮಿಷ ಕಿತ್ಕೊಂಡ್ರಿ."

ಅಷ್ಟರಲ್ಲಿ ಕುಕ್ಕರ್ ಕೂಗಿತು. ಅವಳು ಏಳಹೋದಳು. "ನೀನು ಕೂತ್ಕೋ, ನಾನು ನೋಡ್ಕೋತೀನಿ" ಎಂದು ಗತ್ತಿನಿಂದ ಅಡುಗೆಮನೆಗೆ ನಡೆದೆ. ಪ್ರೊಸೆಸರಿನ ವೋಲ್ಟೇಜನ್ನು ದಶಾಂಶ ಸಮೇತ ಬಾಯಿಪಾಠ ಮಾಡಿಕೊಂಡಿದ್ದ ನಾನು ಒಲೆಯ ಮುಂದೆ ನಿಂತು, ಸ್ವಲ್ಪ ಹೊತ್ತು ಯೋಚಿಸಿ, ಅಲ್ಲಿಂದಲೇ ಕೇಳಿದೆ:

"ಸುಮಾ, ಎಷ್ಟು ಕೂಗಿಗೆ ಆರಿಸ್ಬೇಕೇ?"