ಹೊಟ್ಟೆಯಲ್ಲಿ ಬೀಡುಬಿಟ್ಟಿರುವ ಕೋಟ್ಯಂತರ ಅತಿಥಿಗಳಿಗೆ

ಸಮಸ್ತ ಕರುಳಮಂಡಲಾಧೀಶ್ವರರೂ, ಜಠರದ ಹುಳಿಯಲ್ಲಿ ಈಜಿ ದಡ ಸೇರಿದ ಧೀರರೂ, ಒಂದೊಂದು ಗುಲಾಬಿ ಮಾತ್ರೆಯಲ್ಲೂ ಐನೂರು ಕೋಟಿ ಸಂಖ್ಯೆಯಲ್ಲಿ ವಿರಾಜಮಾನರೂ ಆದ ಪ್ರೊಬಯಾಟಿಕ್ ಬ್ಯಾಕ್ಟೀರಿಯಾ ಮಹಾಶಯರ ಪಾದಗಳಿಗೆ, ಪಾದಗಳಿದ್ದಲ್ಲಿ, ಅಡ್ಡಬಿದ್ದು ಬರೆದುಕೊಳ್ಳುವ ದೂರು.

ಮಾನ್ಯರೇ,

ಹೊಟ್ಟೆಗೆ ಬಲು ಒಳ್ಳೆಯವರೆಂಬ ಬಿರುದಿನೊಂದಿಗೆ ತಾವು ನಮ್ಮ ಮನೆಗೆ ದಯಮಾಡಿಸಿದ್ದು ದೊಡ್ಡಮ್ಮನ ಕೈಚೀಲದಲ್ಲಿ. ತಂಪಾದ ಜಾಗದಲ್ಲಿಡಿ ಎಂದು ಡಬ್ಬಿಯೇ ಬೇಡಿಕೊಂಡರೂ ಅವರು ತಮ್ಮನ್ನು ಬಿಸಿಲು ಸುರಿಯುವ ಕಿಟಕಿಯಲ್ಲಿ ಕೂರಿಸಿದರು. ಅಣ್ಣನಂತೂ ಹಲ್ಲುನೋವಿನ ಆಂಟಿಬಯಾಟಿಕ್ ಜೊತೆಗೇ ತಮ್ಮನ್ನೂ ನುಂಗಿ, ಅತಿಥಿಗಳನ್ನೂ ಕಟುಕನನ್ನೂ ಒಂದೇ ಕೋಣೆಗೆ ಕಳಿಸಿದ. ನಡುವೆ ಒಂದೆರಡು ಗಂಟೆ ಬಿಡಬೇಕಿತ್ತಂತೆ. ಮಡಿದವರಿಗೆ ನನ್ನ ಸಂತಾಪಗಳು.

ಇಷ್ಟನ್ನು ಸಹಿಸಿಕೊಂಡೆ. ಆದರೆ ಭಾನುವಾರ ದೊಡ್ಡಮ್ಮ ಅಜ್ಜಿಯ ಏಳು ದಿನದ ಏಳು ಖಾನೆಯ ಮಾತ್ರೆಪೆಟ್ಟಿಗೆಯಲ್ಲೂ ತಮಗೆ ಪೀಠ ಹಾಕಿಸಿದರು. ಅಜ್ಜಿ ಹೊಸ ಕಿಡ್ನಿ ಹಾಕಿಸಿಕೊಂಡವರು. ದೇಹ ಅದನ್ನು ಹೊರದಬ್ಬದಿರಲೆಂದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಕಾವಲುಗಾರನೇ ತೂಕಡಿಸುವ ಅಂಥ ಮನೆಯಲ್ಲಿ ತಮ್ಮಂಥ ಸಜ್ಜನರೂ ರಕ್ತಕ್ಕಿಳಿದು ದಾಂಧಲೆ ಎಬ್ಬಿಸಬಹುದು, ಅವರ ಡಾಕ್ಟರನ್ನು ಕೇಳದೆ ಕೊಡಲೇಬೇಡಿ ಎಂದು ಔಷಧಿ ಅಂಗಡಿಯವರು ನನಗೆ ಎರಡೆರಡು ಸಲ ಹೇಳಿದ್ದರು. ಅದನ್ನೇ ಮನೆಯಲ್ಲಿ ಹೇಳಿದೆ. ನೀರಿನ ತಪಾಸಣಾಧಿಕಾರಿ ಬರುತ್ತಾರೆಂದು ಸುಳ್ಳೇ ನಂಬಿಸಿ ಹೋದ ತಿಂಗಳು ಮನೆಮಂದಿಯಿಂದೆಲ್ಲ ಬಕೆಟ್ ಉಜ್ಜಿಸಿದ ನನ್ನ ಮಾತಿಗೆ ಕಿಮ್ಮತ್ತಿರಲಿಲ್ಲ.

"ಮೊಸರಲ್ಲಿರೋದೇ ಕಣೇ ಇದು. ಮೊಸರು ಯಾರನ್ನಾದ್ರೂ ಕೊಂದಿದ್ಯಾ?" ಎಂದರು ದೊಡ್ಡಮ್ಮ.

ಬೇರೆ ದಾರಿ ಕಾಣದೆ ಏಳೂ ಖಾನೆಗಳಿಂದ ತಮ್ಮನ್ನು ಎತ್ತಿ, ಬಚ್ಚಿಡಲು ಜಾಗವಿಲ್ಲದೆ, ನಾನೇ ಬಾಯಿಗೆ ಹಾಕಿಕೊಂಡೆ. ಮರುದಿನ ಕಾಲೇಜಿನ ಗ್ರಂಥಾಲಯದಲ್ಲಿ ತಾವು ನಡೆಸಿದ ಸಂಗೀತೋತ್ಸವವನ್ನು ಯಾವ ಬಾಯಿಂದ ಹೊಗಳಲಿ! ಹೊಟ್ಟೆ ತಮಟೆಯಾಯಿತು. ಗ್ರಂಥಪಾಲಕರು ನನ್ನ ಬಾಯಿ ಮುಚ್ಚಿಸುವುದು ಹಳೆಯ ಸಂಗತಿ. ನನ್ನ ಹೊಟ್ಟೆಯ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಿದ್ದು ಇದೇ ಮೊದಲು. ನಂತರದ ಸುಗಂಧ ಪ್ರಸಂಗದಲ್ಲಿ ನನ್ನ ಮೇಜಿನ ಸುತ್ತಲಿನ ಆರು ಕುರ್ಚಿಗಳು ತಾವಾಗಿಯೇ ಖಾಲಿಯಾದವು.

ಆದ್ದರಿಂದ ಮುಂದೆ ತಾವು ಯಾರ ಹೊಟ್ಟೆ ಹೊಕ್ಕರೂ ಮೊದಲು ಬಾಗಿಲು ತಟ್ಟಿ, ಅವರ ಕಾಯಿಲೆಯ ಕಡತ ಓದಿ, ಡಾಕ್ಟರರ ಸಹಿ ಇದ್ದರಷ್ಟೇ ಒಳಗೆ ಹೋಗಬೇಕಾಗಿಯೂ, ಗ್ರಂಥಾಲಯದಲ್ಲಿ ಸಾಲಾಗಿ ಕುಳಿತು ಮೌನವಾಗಿ ಓದಬೇಕಾಗಿಯೂ ಪ್ರಾರ್ಥನೆ.

ತಮ್ಮ ಭಾರದಿಂದ ಇನ್ನೂ ಬಾಗಿರುವ,
ತಮ್ಮ ವಿಶ್ವಾಸಿ,
ಮನೆಯ ಕಿರಿಯ ಮೊಮ್ಮಗಳು

ಮರೆತ ಮಾತು: ನನ್ನ ನರಳಾಟ ಕೇಳಿ, ನಡೆದದ್ದನ್ನು ಬಾಯಿಬಿಡಿಸಿ, ಅಜ್ಜಿಯೇ ಡಾಕ್ಟರಿಗೆ ಫೋನ್ ಮಾಡಿದರು, ಅವರು ನಿಮಗೆ ಈ ಮಾತ್ರೆ ಖಂಡಿತ ಬೇಡ ಎಂದರು. ಅಜ್ಜಿ ಕ್ಷೇಮ. ದೊಡ್ಡಮ್ಮ ಈಗ ಮೊಸರನ್ನೂ ಸಂಶಯದಿಂದ ನೋಡುತ್ತಾರೆ. ಮನೆಯಲ್ಲಿ ನನ್ನ ತ್ಯಾಗದ ಗುಣಗಾನ ನಡೆದಿರುವುದರಿಂದ ತಮಗೆ ಮಾತ್ರ ಗೊತ್ತಿರುವ ಒಂದು ವಿಷಯ ನಮ್ಮ ನಮ್ಮಲ್ಲೇ ಇರಲಿ. ಅಜ್ಜಿಗಾಗಿ ನುಂಗಿದ್ದು ಏಳೇ ಮಾತ್ರೆ. ಆಮೇಲೆ ಡಬ್ಬಿಯಿಂದ ತೆಗೆದುಕೊಂಡದ್ದು ಹದಿನಾಲ್ಕು, ಸ್ಟ್ರಾಬೆರಿ ರುಚಿ ಚೆನ್ನಾಗಿತ್ತೆಂದು.